ಓದುವವರೊಬ್ಬರು, ಕಾಸು ಕೊಡುವವರೊಬ್ಬರು

*ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೆ ಪುಸ್ತಕ, ಪತ್ರಿಕೆಗಳು ಹೇಗೆ ಬರುತ್ತವೆ, ಯಾರ ದುಡ್ಡಿನಲ್ಲಿ ಬರುತ್ತವೆ? ಪಠ್ಯಪುಸ್ತಕದ ಲಾರಿಯಿಂದ ನಾಟಕದ ಕರಪತ್ರದವರೆಗೆ ಒಂದು ಲೆಕ್ಕ.*

ತುಮಕೂರು ಜಿಲ್ಲೆಯ ಉತ್ತರ ಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಹಳ್ಳಿಯ ಮನೆ ಹೊಕ್ಕರೂ ಅಚ್ಚಾದ ಕಾಗದ ಸಾಮಾನ್ಯವಾಗಿ ಮೂರು ಜಾಗದಲ್ಲಿ ಕಾಣುತ್ತದೆ. ಗೋಡೆಯ ಮೇಲೆ ಕ್ಯಾಲೆಂಡರು, ಮಕ್ಕಳ ಬ್ಯಾಗಿನಲ್ಲಿ ಪಠ್ಯಪುಸ್ತಕ, ಅಡುಗೆಮನೆಯ ನಾಗಂದಿಗೆಯ ಮೇಲೆ ಹಾಸಿದ ಹಳೇ ಪೇಪರು. ಗೋಡೆಯ ಮೇಲಿನದು ಬಹುಮಟ್ಟಿಗೆ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರೇ. 1916ರಲ್ಲಿ ಶುರುವಾದ ಆ ಮುದ್ರಣಾಲಯ 1921ರಿಂದ ಕ್ಯಾಲೆಂಡರು ಅಚ್ಚು ಹಾಕುತ್ತ ಬಂದಿದೆ. ತಿಥಿ, ನಕ್ಷತ್ರ, ರಾಹುಕಾಲ, ಸರ್ಕಾರಿ ರಜೆ, ಜಾತ್ರೆಯ ದಿನ ಎಲ್ಲ ಅದರಲ್ಲಿವೆ. ಹಾಲಿನ ಲೆಕ್ಕ ಬರೆಯಲು ಜಾಗವೂ ಇದೆ.

ಮನೆಯವರು ಪೂರ್ತಿ ಬೆಲೆ ಕೊಟ್ಟು ತಂದದ್ದು ಈ ಮೂರರಲ್ಲಿ ಕ್ಯಾಲೆಂಡರೊಂದೇ. ಸರ್ಕಾರಿ ಶಾಲೆಯ ಪಠ್ಯಪುಸ್ತಕದ ಬೆಲೆಯನ್ನು ಸರ್ಕಾರ ಕೊಟ್ಟಿರುತ್ತದೆ. ಪತ್ರಿಕೆಯ ನಿಜವಾದ ಖರ್ಚಿನಲ್ಲಿ ದೊಡ್ಡ ಪಾಲನ್ನು ಜಾಹೀರಾತು ಕೊಟ್ಟವರು ಹೊತ್ತಿರುತ್ತಾರೆ. ಕನ್ನಡದ ಪುಸ್ತಕೋದ್ಯಮ, ಪತ್ರಿಕೋದ್ಯಮದ ಬಗ್ಗೆ ನಾವು ಆಡುವ ಮಾತೆಲ್ಲ ಬರೆಯುವವರು ಮತ್ತು ಓದುವವರ ಸುತ್ತಲೇ ಸುತ್ತುತ್ತದೆ. ಮೂರನೆಯವರೊಬ್ಬರಿದ್ದಾರೆ, ಕಾಸು ಕೊಡುವವರು. ಏನು ಅಚ್ಚಾಗಬೇಕು, ಎಷ್ಟು ಅಚ್ಚಾಗಬೇಕು, ಅದು ಎಲ್ಲಿಯವರೆಗೆ ಹೋಗಬೇಕು ಎಂಬುದೆಲ್ಲ ಅವರನ್ನು ನೋಡಿಕೊಂಡೇ ತೀರ್ಮಾನವಾಗುತ್ತದೆ. ದೊಡ್ಡ ಪ್ರಕಾಶಕರಿಲ್ಲದ, ಪತ್ರಿಕೆಯ ಮುಖ್ಯ ಕಚೇರಿಗಳಿಲ್ಲದ ಈ ತಾಲ್ಲೂಕುಗಳಲ್ಲಿ ಈ ಸತ್ಯ ರಾಜಧಾನಿಗಿಂತ ಸ್ಪಷ್ಟವಾಗಿ ಕಾಣುತ್ತದೆ.

ಅತಿ ದೊಡ್ಡ ಪ್ರಕಾಶಕ

ಈ ನಾಲ್ಕೂ ತಾಲ್ಲೂಕುಗಳು ಸೇರಿ ಮಧುಗಿರಿ ಕಂದಾಯ ಉಪವಿಭಾಗ. ಇವೇ ನಾಲ್ಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ತುಮಕೂರು ಆಡಳಿತಕ್ಕೆ ಒಂದೇ ಜಿಲ್ಲೆಯಾದರೂ ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ‘ಮಧುಗಿರಿ’ ಎಂಬ ಹೆಸರು ಬೆಳಗಾವಿ, ಮೈಸೂರಿನ ಸಾಲಿನಲ್ಲಿ ಬರುವುದು ಇದರಿಂದಲೇ.

ಈ ಶೈಕ್ಷಣಿಕ ಜಿಲ್ಲೆಗೆ ಅತಿ ಹೆಚ್ಚು ಪುಸ್ತಕ ಕಳಿಸುವ ಪ್ರಕಾಶಕರು ಯಾರೆಂದು ಕೇಳಿದರೆ ಉತ್ತರ ಒಂದೇ, ಕರ್ನಾಟಕ ಪಠ್ಯಪುಸ್ತಕ ಸಂಘ. ಕನ್ನಡ, ಇಂಗ್ಲಿಷ್, ಉರ್ದು, ಮರಾಠಿ, ತೆಲುಗು, ತಮಿಳು, ಹಿಂದಿ ಹೀಗೆ ಏಳು ಮಾಧ್ಯಮಗಳಲ್ಲಿ ಪುಸ್ತಕ ಹೊರಡಿಸುವ ಈ ಸಂಸ್ಥೆಯ ಮುಂದೆ ರಾಜ್ಯದ ಯಾವ ಖಾಸಗಿ ಪ್ರಕಾಶನವೂ ಗಾತ್ರದಲ್ಲಿ ನಿಲ್ಲುವುದಿಲ್ಲ. ಸಾಹಿತ್ಯದ ಪುಸ್ತಕ ಸಾವಿರ ಪ್ರತಿ ಅಚ್ಚಾದರೆ ಹೆಚ್ಚು. ಏಳನೇ ತರಗತಿಯ ಕನ್ನಡ ಪುಸ್ತಕ ಲಕ್ಷಗಳ ಲೆಕ್ಕದಲ್ಲಿ ಅಚ್ಚಾಗುತ್ತದೆ, ಅದೂ ಪ್ರತಿ ವರ್ಷ.

ಕೆಲಸ ನಡೆಯುವ ಬಗೆ ಹೀಗೆ. ಹಿಂದಿನ ಶೈಕ್ಷಣಿಕ ವರ್ಷ ಮುಗಿಯುವ ಮೊದಲೇ ಶಾಲೆಗಳು ಮಕ್ಕಳ ದಾಖಲಾತಿ ತಂತ್ರಾಂಶದ ಮೂಲಕ ಬೇಡಿಕೆ ಸಲ್ಲಿಸುತ್ತವೆ. ಸಂಘ ಟೆಂಡರು ಕರೆಯುತ್ತದೆ. ಗೆದ್ದ ಮುದ್ರಕರು ಪುಸ್ತಕಗಳನ್ನು ಬ್ಲಾಕ್ ಮಟ್ಟದ ಗೋದಾಮಿಗೆ ತಂದಿಳಿಸಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕು ಕಡೆಯೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಉಸ್ತುವಾರಿಯಲ್ಲಿ ಎಣಿಕೆಯಾಗಿ, ಅಲ್ಲಿಂದ ಒಂದೊಂದೇ ಶಾಲೆಗೆ ಹೋಗುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಉಚಿತ. ಅನುದಾನರಹಿತ ಶಾಲೆಗಳು ದುಡ್ಡು ಕಟ್ಟಿ ಎತ್ತಿಕೊಳ್ಳಬೇಕು. ಬ್ಯಾಗಿನ ಹೊರೆ ಇಳಿಸಲೆಂದು ಈಗ ಹಲವು ಪುಸ್ತಕಗಳನ್ನು ಎರಡು ಭಾಗ ಮಾಡಲಾಗಿದೆ. ಶಾಲೆ ಶುರುವಾಗಿ ವಾರಗಳಾದರೂ ಒಂದು ವಿಷಯದ ಪುಸ್ತಕ ಬಂದಿಲ್ಲ ಎಂಬ ಸುದ್ದಿ ಯಾವುದಾದರೂ ವರ್ಷ ಪತ್ರಿಕೆಯಲ್ಲಿ ಬಂದರೆ ಅದರ ಹಿಂದೆ ಸಾಮಾನ್ಯವಾಗಿ ಇರುವುದು ಟೆಂಡರಿನ ತಕರಾರು, ಕಾಗದದ ಬೆಲೆ, ಇಲ್ಲವೇ ಪರಿಷ್ಕರಣೆಯ ತಡ.

ಪರಿಷ್ಕರಣೆಯ ಮಾತು ಬಂದರೆ ಶಿರಾ ತಾಲ್ಲೂಕಿನ ಹೆಸರೊಂದು ಬಂದೇ ಬರುತ್ತದೆ. ಬರಗೂರು ಎಂಬ ಊರನ್ನು ತಮ್ಮ ಹೆಸರಿನಲ್ಲೇ ಹೊತ್ತಿರುವ ಬರಗೂರು ರಾಮಚಂದ್ರಪ್ಪ ಅವರ ಅಧ್ಯಕ್ಷತೆಯಲ್ಲಿ ಪರಿಷ್ಕೃತವಾದ ಪುಸ್ತಕಗಳು 2017-18ರಲ್ಲಿ ತರಗತಿಗೆ ಬಂದವು. 2022ರಲ್ಲಿ ರೋಹಿತ್ ಚಕ್ರತೀರ್ಥ ಅಧ್ಯಕ್ಷತೆಯ ಸಮಿತಿ ಅವನ್ನು ಮತ್ತೆ ಬದಲಿಸಿತು. ನಾಡಿನಾದ್ಯಂತ ಗದ್ದಲವಾಯಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರ ಕೆಲವು ಪಾಠಗಳನ್ನು ಕೈಬಿಡಲು ತೀರ್ಮಾನಿಸುವ ಹೊತ್ತಿಗೆ ಆ ವರ್ಷದ ಪುಸ್ತಕಗಳು ಅಚ್ಚಾಗಿ ಶಾಲೆ ತಲುಪಿದ್ದವು. ಮತ್ತೆ ಅಚ್ಚು ಹಾಕಿಸುವುದು ಆಗದ ಮಾತು. ಹಾಗಾಗಿ ಯಾವ ಪಾಠ ಬಿಡಬೇಕು, ಯಾವುದನ್ನು ಸೇರಿಸಿಕೊಳ್ಳಬೇಕು ಎಂದು ತಿಳಿಸುವ ಸಣ್ಣ ಪೂರಕ ಪುಸ್ತಿಕೆ ಬಂತು. ವಾದ ನಡೆದದ್ದು ಸಿದ್ಧಾಂತದ ಮೇಲೆ. ಆ ವರ್ಷ ಎಷ್ಟು ಬದಲಾಗಬಹುದು ಎಂದು ಮಿತಿ ಹಾಕಿದ್ದು ಆಗಲೇ ಇಳಿಸಿದ್ದ ಲಾರಿ ಲೋಡು.

ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಈ ಪುಸ್ತಕಗಳನ್ನು ಓದುವ ಮಗು ಕೊಳ್ಳುವುದಿಲ್ಲ, ಅದರ ಅಪ್ಪ ಅಮ್ಮನೂ ಕೊಳ್ಳುವುದಿಲ್ಲ. ಸರ್ಕಾರ ಉಚಿತವಾಗಿ ಕೊಡಬೇಕಾದದ್ದೇ ಸರಿ. ಇಲ್ಲದಿದ್ದರೆ ಪಾವಗಡದ ಕೂಲಿಕಾರರ ಮನೆಗೆ ಪುಸ್ತಕ ಬರುತ್ತಲೇ ಇರಲಿಲ್ಲ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ರಾಜ್ಯದ ಮೂಲೆಮೂಲೆಗೂ ಮುಟ್ಟುವ ಪುಸ್ತಕದ ದಾರಿ ಇದೊಂದೇ. ಆ ದಾರಿಯಲ್ಲಿ ಪಠ್ಯ ಬಿಟ್ಟು ಇನ್ನೊಂದು ಪುಸ್ತಕ ಹೋಗುವುದಿಲ್ಲ.

ನಸುಕಿನ ಕಟ್ಟು

ಪತ್ರಿಕೆಯ ದಾರಿ ಬೇರೆ. ರಾಜ್ಯಮಟ್ಟದ ಪತ್ರಿಕೆಗಳ ಕಟ್ಟುಗಳು ಈ ಊರುಗಳಿಗೆ ಬಂದದ್ದು ರಸ್ತೆಯ ಮೇಲೆಯೇ. ಶಿರಾ ಬೆಂಗಳೂರು-ಪುಣೆ ಹೆದ್ದಾರಿಯಲ್ಲಿದೆ. ತುಮಕೂರಿನಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ ಕೊರಟಗೆರೆ, ಮಧುಗಿರಿ ಒಂದರ ಹಿಂದೊಂದು ಸಿಗುತ್ತವೆ. ಪಾವಗಡ ತುಮಕೂರಿನಿಂದ ಸುಮಾರು ನೂರು ಕಿಲೋಮೀಟರು, ಮೂರು ದಿಕ್ಕಿಗೂ ಆಂಧ್ರ. ದೂರದ ಊರಿನ ಕಟ್ಟು ಮೊದಲು ಹೊರಡಬೇಕು, ಅಂದರೆ ಅದರ ಪುಟ ಮೊದಲು ಮುಗಿಯಬೇಕು. ತಡರಾತ್ರಿಯ ಕ್ರಿಕೆಟ್ ಫಲಿತಾಂಶವೋ ವಿಧಾನಸೌಧದ ನಡುರಾತ್ರಿಯ ಬೆಳವಣಿಗೆಯೋ ರಾಜಧಾನಿಯ ಆವೃತ್ತಿಯಲ್ಲಿದ್ದು ದೂರದ ತಾಲ್ಲೂಕಿನ ಆವೃತ್ತಿಯಲ್ಲಿ ಇರದಿರುವುದಕ್ಕೆ ಕಾರಣ ಇಷ್ಟೇ.

ನಸುಕಿನಲ್ಲಿ ಬಸ್ ನಿಲ್ದಾಣದ ಆಸುಪಾಸಿನ ಅಂಗಡಿ ಜಗಲಿಯ ಮೇಲೆ ಕಟ್ಟುಗಳು ಬಿಚ್ಚಿಕೊಳ್ಳುತ್ತವೆ. ಏಜೆಂಟರು ಎಣಿಸುತ್ತಾರೆ. ಹುಡುಗರು ಮುಖ್ಯ ಪತ್ರಿಕೆಯೊಳಗೆ ಪುರವಣಿ ತೂರಿಸುತ್ತಾರೆ. ನೀವೀಗ ಓದುತ್ತಿರುವಂಥ ವಾರಾಂತ್ಯದ ಪುರವಣಿ ಮೊದಲೇ ಅಚ್ಚಾಗಿ, ಕೈಯಿಂದಲೇ ಒಳಸೇರುವ ಸಾಮಾನು. ನಡುವೆ ಯಾವುದೋ ಟ್ಯೂಷನ್ ಸೆಂಟರಿನ, ಬಟ್ಟೆ ಅಂಗಡಿಯ ಕರಪತ್ರವೂ ಸೇರಿಕೊಳ್ಳುತ್ತದೆ. ಅದಕ್ಕೆ ಸಿಗುವ ಪುಡಿಗಾಸು ಏಜೆಂಟರಿಗೆ. ಮನೆ ಮನೆಗೆ ಹಾಕಿ, ತಿಂಗಳ ಕೊನೆಗೆ ಬಿಲ್ಲು ವಸೂಲಿ ಮಾಡಿ, ಕಮಿಷನ್ ಹಿಡಿದುಕೊಂಡು ಪತ್ರಿಕೆಗೆ ದುಡ್ಡು ಕಟ್ಟುವುದು ಅವರ ಕೆಲಸ. ಚಂದಾದಾರ ಸತಾಯಿಸಿದರೆ ನಷ್ಟ ಅವರದ್ದೇ. ತಾಲ್ಲೂಕು ಮಟ್ಟದಲ್ಲಿ ಏಜೆಂಟರೇ ವರದಿಗಾರರಾಗಿ, ವರದಿಗಾರರೇ ಜಾಹೀರಾತು ತರುವವರಾಗಿ ಇರುವ ಉದಾಹರಣೆಗಳು ಕನ್ನಡ ಪತ್ರಿಕೋದ್ಯಮದಲ್ಲಿ ಹೊಸತಲ್ಲ. ಬೆಳಗ್ಗೆ ಪೇಪರು ಮಾರಿ, ಮಧ್ಯಾಹ್ನ ತಾಲ್ಲೂಕು ಪಂಚಾಯಿತಿಯ ಸಭೆಗೆ ಹೋಗಿ, ಸಂಜೆ ಅದೇ ಮುಖಂಡರಿಂದ ಹುಟ್ಟುಹಬ್ಬದ ಶುಭಾಶಯ ಜಾಹೀರಾತು ಕೇಳಬೇಕಾದವರ ಕಷ್ಟ ಯಾವ ನೀತಿಸಂಹಿತೆಯಲ್ಲೂ ಬರೆದಿಲ್ಲ.

ಲೆಕ್ಕ ನೋಡಿ. ಹದಿನಾರು ಪುಟದ ಒಂದು ದಿನಪತ್ರಿಕೆ ಸುಮಾರು 70 ಗ್ರಾಂ ತೂಗುತ್ತದೆ. ಒಂದು ಟನ್ ಕಾಗದಕ್ಕೆ ಸುಮಾರು ಹದಿನಾಲ್ಕು ಸಾವಿರ ಪ್ರತಿ. ಕೋವಿಡ್ ನಂತರ, ಉಕ್ರೇನ್ ಯುದ್ಧ ಶುರುವಾದ ಮೇಲೆ, ಆಮದು ಪತ್ರಿಕಾ ಕಾಗದದ ಬೆಲೆ ಎರಡು ಪಟ್ಟಿಗೂ ಮೇಲೆ ಹೋಯಿತು. ರಷ್ಯಾ ನಮಗೆ ಕಾಗದ ಕಳಿಸುವ ದೊಡ್ಡ ದೇಶಗಳಲ್ಲೊಂದು. ಓದುಗರು ಕೊಡುವ ಆರೇಳು ರೂಪಾಯಿಯಲ್ಲಿ ಏಜೆಂಟರ ಕಮಿಷನ್, ಸಾಗಣೆ ಕಳೆದರೆ ಉಳಿಯುವುದರಲ್ಲಿ ಬಹುಪಾಲು ಕಾಗದದ ಖರ್ಚಿಗೇ ಹೋಗುತ್ತದೆ. ಸುದ್ದಿಮನೆಯ ಸಂಬಳ, ಶಾಯಿ, ಯಂತ್ರ, ವಿದ್ಯುತ್ತು ಎಲ್ಲಕ್ಕೂ ಜಾಹೀರಾತೇ ಗತಿ.

ಒಂದು ಕಾಲದಲ್ಲಿ ಈ ಕಾಗದ ನಮ್ಮಲ್ಲೇ ಆಗುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 1981ರಿಂದ ಪತ್ರಿಕಾ ಕಾಗದ ತಯಾರಿಸಿತು. 2015ರ ಹೊತ್ತಿಗೆ ಅದರ ಉತ್ಪಾದನೆ ನಿಂತಿತು. ಈಗ ಕಾಗದದ ಬೆಲೆಯನ್ನು ತೀರ್ಮಾನಿಸುವುದು ದೂರದ ದೇಶಗಳು. ಚೀನಾ 2021ರ ಆರಂಭದಿಂದ ಹೊರಗಿನ ರದ್ದಿ ಕಾಗದವನ್ನು ಒಳಗೆ ಬಿಡುವುದನ್ನು ಪೂರ್ತಿ ನಿಲ್ಲಿಸಿತು. ಅಲ್ಲಿನ ಡಬ್ಬ ತಯಾರಕರಿಗೆ ಸಿದ್ಧ ಕ್ರಾಫ್ಟ್ ಕಾಗದ ಬೇಕಾಯಿತು, ಭಾರತದ ಗಿರಣಿಗಳು ಕಳಿಸಿದವು, ಇಲ್ಲಿ ರದ್ದಿಗೆ ಬೇಡಿಕೆ ಹೆಚ್ಚಿತು. ಮಧುಗಿರಿಯ ಮನೆಯಾಕೆ ತಿಂಗಳ ಹಳೇ ಪೇಪರು ತೂಕಕ್ಕೆ ಹಾಕುವಾಗ ಸಿಗುವ ಬೆಲೆಯಲ್ಲೂ ಬೀಜಿಂಗಿನ ಒಂದು ಆದೇಶದ ಪಾಲಿದೆ.

ಜಾಹೀರಾತಿನಲ್ಲೂ ಜಿಲ್ಲಾ ಮಟ್ಟದ ಪತ್ರಿಕೆಗಳಿಗೆ ದೊಡ್ಡ ಆಸರೆ ಸರ್ಕಾರ. ವಾರ್ತಾ ಇಲಾಖೆಯ ಮಾಧ್ಯಮ ಪಟ್ಟಿಯಲ್ಲಿ ಹೆಸರಿದ್ದರೆ ಟೆಂಡರು ಪ್ರಕಟಣೆ, ಹರಾಜು ನೋಟಿಸು, ಸರ್ಕಾರಿ ದಿನಾಚರಣೆಯ ಜಾಹೀರಾತು ಸಿಗುತ್ತವೆ. ತುಮಕೂರಿನಿಂದ ಹೊರಡುವ ‘ಪ್ರಜಾಪ್ರಗತಿ’ಯಂಥ ಪತ್ರಿಕೆಗಳು ಬೆಂಗಳೂರಿನ ಪತ್ರಿಕೆ ಒಂದು ಕಾಲಮ್ಮೂ ಕೊಡದ ಸುದ್ದಿಗೆ ಅರ್ಧ ಪುಟ ಕೊಡುತ್ತವೆ: ಶಿರಾದ ಕೆರೆಗೆ ಹೇಮಾವತಿ ನೀರು ಬಂತೇ, ಪಾವಗಡದಲ್ಲಿ ಶೇಂಗಾ ಬೆಳೆಯ ವಿಮೆ ಬಂತೇ, ಕೊರಟಗೆರೆಯ ಆಸ್ಪತ್ರೆಯಲ್ಲಿ ವೈದ್ಯರಿದ್ದಾರೆಯೇ. ಸುದ್ದಿ ಬೇಕಾಗಿರುವುದು ತಾಲ್ಲೂಕಿನ ರೈತನಿಗೆ, ಆ ಸುದ್ದಿಯ ಖರ್ಚು ಹೊರುವುದು ಅದೇ ಸುದ್ದಿಯಲ್ಲಿ ಪ್ರಶ್ನೆಗೆ ಗುರಿಯಾಗುವ ಇಲಾಖೆ. ಈ ಇಕ್ಕಟ್ಟನ್ನು ದಿನವೂ ದಾಟುತ್ತ ಪತ್ರಿಕೆ ಹೊರತರುವವರ ಶ್ರಮ ಸಣ್ಣದಲ್ಲ.

ಜಿಲ್ಲೆಯ ಸುದ್ದಿಯಲ್ಲಿ ಮಾರುಕಟ್ಟೆ ಇದೆ ಎಂದು ಮೊದಲು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ಪಾವಗಡದ ನೆರೆಯ ನಾಡು. 1974ರಲ್ಲಿ ವಿಶಾಖಪಟ್ಟಣದಲ್ಲಿ ಹುಟ್ಟಿದ ತೆಲುಗಿನ ‘ಈನಾಡು’ 1989ರಲ್ಲಿ ಜಿಲ್ಲೆಗೊಂದು ಪುಟ್ಟ ಪತ್ರಿಕೆಯನ್ನು ಮುಖ್ಯ ಪತ್ರಿಕೆಯ ಜೊತೆ ಕೊಡತೊಡಗಿತು. ಊರಿನ ಅಂಗಡಿಯವರೂ ಜಾಹೀರಾತು ಕೊಡಬಹುದಾದ ದರ, ಊರಿನ ಹೆಸರು ಕಾಣುವ ಪುಟ. ದೇಶದ ಭಾಷಾ ಪತ್ರಿಕೆಗಳೆಲ್ಲ ಒಂದಲ್ಲ ಒಂದು ರೂಪದಲ್ಲಿ ಆ ದಾರಿ ಹಿಡಿದವು. ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳೂ ಅದೇ ಜಾತಿಯವು.

ಪತ್ರಿಕೆ ಶುರು ಮಾಡುವುದಕ್ಕೆ ನಮ್ಮಲ್ಲಿ ದೊಡ್ಡ ಅಡ್ಡಿ ಇಲ್ಲ. 1867ರ ಕಾಯ್ದೆಯ ಪ್ರಕಾರ ಜಿಲ್ಲಾ ಅಥವಾ ಉಪವಿಭಾಗದ ದಂಡಾಧಿಕಾರಿಯ ಮುಂದೆ ಘೋಷಣೆ ಸಲ್ಲಿಸಬೇಕಿತ್ತು. ಅಂದರೆ ಪಾವಗಡದವರೊಬ್ಬರು ವಾರಪತ್ರಿಕೆ ತರಬೇಕೆಂದರೆ ಮಧುಗಿರಿಯ ಉಪವಿಭಾಗಾಧಿಕಾರಿಯ ಕಚೇರಿಯೇ ಮೊದಲ ಮೆಟ್ಟಿಲಾಗಬಹುದಿತ್ತು. 2024ರ ಮಾರ್ಚ್ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಅರ್ಜಿ ಆನ್‌ಲೈನ್. ಪುಸ್ತಕಗಳನ್ನು ಈ ಹೊಸ ಕಾಯ್ದೆಯ ವ್ಯಾಪ್ತಿಯಿಂದಲೇ ಬಿಡಲಾಗಿದೆ. ಶುರು ಮಾಡುವುದು ಸುಲಭ. ಎರಡನೇ ವರ್ಷಕ್ಕೆ ಉಳಿಸಿಕೊಳ್ಳುವುದು ಕಷ್ಟ.

ಮೊಳೆಯಿಂದ ಫ್ಲೆಕ್ಸಿಗೆ

ನಲವತ್ತು ವರ್ಷದ ಹಿಂದೆ ತಾಲ್ಲೂಕು ಕೇಂದ್ರದ ಪ್ರೆಸ್ಸಿಗೆ ಹೋದರೆ ಮೊದಲು ಮೂಗಿಗೆ ಬಡಿಯುತ್ತಿದ್ದುದು ಶಾಯಿ ಮತ್ತು ಸೀಮೆಎಣ್ಣೆಯ ವಾಸನೆ. ಗೋಡೆಗೊರಗಿದ ಮರದ ಪೆಟ್ಟಿಗೆಯ ಪುಟ್ಟ ಪುಟ್ಟ ಮನೆಗಳಲ್ಲಿ ಸೀಸದ ಅಚ್ಚುಮೊಳೆಗಳು. ಎಡಗೈಯಲ್ಲಿ ಕಂಪೋಸಿಂಗ್ ಸ್ಟಿಕ್ ಹಿಡಿದ ಕಂಪಾಸಿಟರು ಕಣ್ಣು ಹಸ್ತಪ್ರತಿಯ ಮೇಲಿಟ್ಟು ಬಲಗೈಯಿಂದ ಮೊಳೆ ಹೆಕ್ಕುತ್ತಿದ್ದರು. ಅಕ್ಷರ ತಿರುಗುಮುರುಗಾಗಿ ಓದಬೇಕು. ಒತ್ತಕ್ಷರಕ್ಕೆ ಬೇರೆ ಮೊಳೆ, ದೀರ್ಘಕ್ಕೆ ಬೇರೆ ಮೊಳೆ. ಇಂಗ್ಲಿಷಿಗೆ ಬೇಕಾದ ಮನೆಗಳ ಹಲವು ಪಟ್ಟು ಮನೆಗಳು ಕನ್ನಡದ ಪೆಟ್ಟಿಗೆಯಲ್ಲಿ ಬೇಕು. ಸಾಲು ಕಟ್ಟಿ, ಗ್ಯಾಲಿಗೆ ಇಳಿಸಿ, ದಾರ ಬಿಗಿದು, ಪ್ರೂಫ್ ತೆಗೆದು, ತಿದ್ದಿ, ಚೇಸಿನಲ್ಲಿ ಬಂಧಿಸಿ, ಟ್ರೆಡಲ್ ತುಳಿದರೆ ಒಂದೊಂದೇ ಹಾಳೆ. ಕೆಲಸ ಮುಗಿದ ಮೇಲೆ ಅಷ್ಟೂ ಮೊಳೆ ಬಿಚ್ಚಿ ಮತ್ತೆ ಅವುಗಳ ಮನೆಗೇ ಹಾಕಬೇಕು. ಮೊಳೆ ಸವೆದ ಪ್ರೆಸ್ಸಿನ ಕರಪತ್ರದಲ್ಲಿ ‘ಶ್ರೀ’ಯ ಬಾಲ ಅಚ್ಚಾಗದಿರುವುದು ಮಾಮೂಲು.

1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ. ಅಲ್ಲಿಂದ ಮೊಳೆಯ ಕಾಲ ಬಂದು, ಸುಮಾರು ನೂರೈವತ್ತು ವರ್ಷ ಆಳಿ, ಕಂಪ್ಯೂಟರಿನ ಡಿಟಿಪಿ ಬಂದ ಒಂದು ದಶಕದೊಳಗೆ ಮೂಲೆ ಸೇರಿತು. ಸೀಸ ಗುಜರಿಗೆ ಹೋಯಿತು. ಬರಹ, ನುಡಿ, ಶ್ರೀಲಿಪಿ ತಂತ್ರಾಂಶ ಕಲಿತ ಹುಡುಗ ಹುಡುಗಿಯರು ಕಂಪಾಸಿಟರ ಜಾಗಕ್ಕೆ ಬಂದರು. ಮೈಕಿನ ಗಾಡಿ, ವಾಲ್‌ಪೋಸ್ಟರುಗಳ ಜಾಗವನ್ನು ಫ್ಲೆಕ್ಸು ತಿಂದಿತು.

ತಾಲ್ಲೂಕಿನ ಪ್ರೆಸ್ಸು ಆಗಲೂ ಈಗಲೂ ಬದುಕುವುದು ಪುಸ್ತಕದಿಂದಲ್ಲ. ಲಗ್ನಪತ್ರಿಕೆ, ತಿಥಿ ಕಾರ್ಡು, ಬಿಲ್ ಬುಕ್ಕು, ಸಹಕಾರ ಸಂಘದ ವಾರ್ಷಿಕ ವರದಿ, ಜಾತ್ರೆಯ ಕರಪತ್ರ. ಚುನಾವಣೆ ಬಂದರೆ ಕೆಲಸವೂ ಹೆಚ್ಚು, ಎಚ್ಚರವೂ ಹೆಚ್ಚು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಅಚ್ಚು ಹಾಕಿಸುವವರಿಂದ ಘೋಷಣೆ ಪಡೆದು, ಅದರ ಪ್ರತಿಯನ್ನು ಕರಪತ್ರದ ಜೊತೆ ಅಧಿಕಾರಿಗಳಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗೋಡೆಯ ಮೇಲೆ ಹರಿದ ಪೋಸ್ಟರಿನ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು ಕಾಣುವುದು ಇದಕ್ಕೇ.

ಇನ್ನೊಂದು ದೊಡ್ಡ ಗಿರಾಕಿ ನಾಟಕ. ಸುಗ್ಗಿ ಮುಗಿದ ಮೇಲೆ ಈ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಕಟ್ಟದಿದ್ದರೆ ವರ್ಷ ಪೂರ್ತಿಯಾಗುವುದಿಲ್ಲ. ಅದರ ಕರಪತ್ರ ಕೈಗೆತ್ತಿಕೊಂಡು ನೋಡಿ. ಮೇಲೆ ಗ್ರಾಮದೇವತೆಯ ಹೆಸರು, ಕೆಳಗೆ ‘ಎಂಬ ಸುಂದರ ಪೌರಾಣಿಕ ನಾಟಕ’, ಆಮೇಲೆ ಎರಡು ಸಾಲಿನಲ್ಲಿ ಪಾತ್ರಗಳ ಪಟ್ಟಿ. ಶ್ರೀಕೃಷ್ಣ, ದುರ್ಯೋಧನ, ಭೀಮ, ಕರ್ಣ. ಎದುರಿಗೆ ಊರವರ ಹೆಸರು, ಪಕ್ಕದಲ್ಲಿ ಫೋಟೊ. ಹಾರ್ಮೋನಿಯಂ ಮಾಸ್ತರು, ಸೀನರಿ, ದೀಪಾಲಂಕಾರ, ಕೊನೆಗೆ ಅಧ್ಯಕ್ಷತೆ ವಹಿಸುವ ಗಣ್ಯರ ಉದ್ದ ಸಾಲು. ಪಾತ್ರಕ್ಕೆ ಇಷ್ಟೆಂದು ಪಾತ್ರಧಾರಿಯೇ ದುಡ್ಡು ಹಾಕುತ್ತಾನೆ. ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು, ದೂತನಿಗೆ ಕಡಿಮೆ. ಹೆಸರಿನ ಅಕ್ಷರದ ಗಾತ್ರವೂ ಅದನ್ನೇ ಅನುಸರಿಸುತ್ತದೆ. ಕಾಸು ಕೊಟ್ಟವನೂ ಕುಣಿಯುವವನೂ ಒಬ್ಬನೇ ಆಗಿರುವ ಈ ಕರಪತ್ರದಲ್ಲಿ ಮುಚ್ಚುಮರೆ ಏನೂ ಇಲ್ಲ. ಹಾಗಾಗಿಯೇ ಟಿವಿ, ಮೊಬೈಲು ಬಂದರೂ ಅದು ಸತ್ತಿಲ್ಲ.

ಬರೆಯುವವರು ಇಲ್ಲಿ, ಪುಸ್ತಕ ಅಲ್ಲಿ

ಈ ತಾಲ್ಲೂಕುಗಳು ಬರಹಕ್ಕೆ ಬರಡಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ತುಮಕೂರು ಜಿಲ್ಲೆಯ ಶಾಸನ ಸಂಪುಟ 1904ರಲ್ಲಿ ಬಂದಾಗ ಇಲ್ಲಿನ ಕಲ್ಲಿನ ಮೇಲಿನ ಮಾತುಗಳು ಊರೂರು ಲೆಕ್ಕದಲ್ಲಿ ಕಾಗದಕ್ಕಿಳಿದವು. ಅದರ ಖರ್ಚು ಮೈಸೂರು ಸರ್ಕಾರದ್ದು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಕತೆಯನ್ನು ಕಾಡುಗೊಲ್ಲರು ಗಣೆ ನುಡಿಸುತ್ತ ಹಾಡಿಕೊಂಡು ಬಂದರು. ಅದು ಪುಸ್ತಕವಾದದ್ದು ಜಾನಪದ ವಿದ್ವಾಂಸರ ಕೈಯಲ್ಲಿ. ಕೊರಟಗೆರೆ ತಾಲ್ಲೂಕಿನ ತುಂಬಾಡಿಯ ಹೆಸರನ್ನು ತುಂಬಾಡಿ ರಾಮಯ್ಯನವರ ‘ಮಣೆಗಾರ’ ಕನ್ನಡ ಓದುಗರ ಬಾಯಲ್ಲಿ ನಿಲ್ಲಿಸಿತು. ಕನ್ನಡದ ಆರಂಭದ ದಲಿತ ಆತ್ಮಕಥೆಗಳಲ್ಲಿ ಅದೂ ಒಂದು.

ಆದರೆ ಪುಸ್ತಕ ಎಂಬ ವಸ್ತು ತಯಾರಾಗುವುದು ಬೆಂಗಳೂರಿನಲ್ಲಿ, ಹೆಚ್ಚೆಂದರೆ ತುಮಕೂರಿನಲ್ಲಿ. ಡೆಮಿ ಅಷ್ಟಪತ್ರ ಆಕಾರದ 160 ಪುಟದ ಕಥಾಸಂಕಲನ ಎಂದಿಟ್ಟುಕೊಳ್ಳಿ. ಹದಿನಾರು ಪುಟಕ್ಕೊಂದು ಫಾರಂ, ಒಟ್ಟು ಹತ್ತು ಫಾರಂ. ಸಾವಿರ ಪ್ರತಿಗೆ ಹತ್ತು ಸಾವಿರ ಹಾಳೆ, ಅಂದರೆ 20 ರೀಮು. ಹಾಳಾಗುವ ಕಾಗದ ಬೇರೆ. ಕಾಗದ, ಪ್ಲೇಟು, ಅಚ್ಚು, ಬೈಂಡಿಂಗು, ಮುಖಪುಟ ಎಲ್ಲ ಸೇರಿದ ಖರ್ಚಿನ ಮೇಲೆ ಅಂಗಡಿಯವರಿಗೆ ಮೂವತ್ತು ನಲವತ್ತು ಶೇಕಡ ರಿಯಾಯಿತಿ ಬಿಡಬೇಕು. ಸಾವಿರ ಪ್ರತಿ ಮಾರುವುದು ಅಪರೂಪವಾದ್ದರಿಂದ ಈಗ ಐನೂರು, ಇನ್ನೂರು, ಡಿಜಿಟಲ್ ಯಂತ್ರದಲ್ಲಾದರೆ ಐವತ್ತು ಪ್ರತಿ ಹಾಕುವವರೂ ಇದ್ದಾರೆ. ಹೊಸಬರಾದರೆ ಬಹಳ ಸಲ ದುಡ್ಡು ಹಾಕುವುದು ಲೇಖಕರೇ. ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಸಿಕ್ಕರೆ ಭಾಗ್ಯ.

ಕನ್ನಡ ಪ್ರಕಾಶಕರ ಲೆಕ್ಕಪುಸ್ತಕದಲ್ಲಿ ಎಲ್ಲರೂ ಕಾಯುವ ಸಾಲು ಬೇರೆಯೇ. ಅದು ಗ್ರಂಥಾಲಯ ಇಲಾಖೆಯ ಸಗಟು ಖರೀದಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಬೀಳುತ್ತದೆ. ಶಿರಾ ನಗರಸಭೆಯ ಮನೆಯವರೂ ಕೊರಟಗೆರೆ ಪಟ್ಟಣ ಪಂಚಾಯಿತಿಯ ಮನೆಯವರೂ ಕಂದಾಯ ಕಟ್ಟುವಾಗ ಇದನ್ನು ಕಟ್ಟುತ್ತಾರೆ. ಗ್ರಂಥಾಲಯದ ಮೆಟ್ಟಿಲು ಹತ್ತದವರೂ ಪುಸ್ತಕಕ್ಕೆ ಕಾಸು ಕೊಟ್ಟವರೇ. ಆಯ್ಕೆಯಾದ ಪುಸ್ತಕದ ಮುನ್ನೂರು ಪ್ರತಿಯನ್ನು ಪುಟಕ್ಕೆ ಇಷ್ಟೆಂಬ ದರದಲ್ಲಿ ಇಲಾಖೆ ಕೊಳ್ಳುವುದು ವಾಡಿಕೆ. ಈ ಮುನ್ನೂರು ಪ್ರತಿಯನ್ನೇ ನಂಬಿ ಅಚ್ಚಾಗುವ ಪುಸ್ತಕಗಳು ಎಷ್ಟೋ. ಖರೀದಿ ತಡವಾದರೆ, ಬಿಲ್ಲು ನಿಂತರೆ ಪ್ರಕಾಶನವೇ ನಿಲ್ಲುತ್ತದೆ. ಆಯ್ಕೆ ನಡೆಯುವುದು ಬೆಂಗಳೂರಿನಲ್ಲಿ. ತನ್ನ ಓದುಗರು ಏನು ಕೇಳುತ್ತಿದ್ದಾರೆಂದು ಮಧುಗಿರಿಯ ಶಾಖಾ ಗ್ರಂಥಾಲಯದ ಮೇಲ್ವಿಚಾರಕರಿಗೆ ಗೊತ್ತಿರುತ್ತದೆ. ಆ ತಿಳಿವಳಿಕೆ ಖರೀದಿಯ ಪಟ್ಟಿಯವರೆಗೆ ಹೋಗುವ ದಾರಿ ಬಹಳ ಸಪೂರ.

ತಾಲ್ಲೂಕು ಕೇಂದ್ರದ ‘ಬುಕ್ ಸ್ಟೋರ್’ ಎಂಬ ಬೋರ್ಡಿನ ಒಳಗೆ ಹೆಚ್ಚಿನದು ನೋಟ್‌ಬುಕ್ಕು, ಪೆನ್ನು, ಗೈಡು, ಪಂಚಾಂಗ. ಕಾದಂಬರಿ ಬೇಕಾದವರು ತುಮಕೂರಿಗೋ ಬೆಂಗಳೂರಿಗೋ ಹೋಗಬೇಕು, ಇಲ್ಲವೇ ಅಂಚೆ, ಕೊರಿಯರ್ ನಂಬಬೇಕು. ಹಿಂದೆ ವಿಪಿಪಿ ಇತ್ತು. ಪೋಸ್ಟ್‌ಮನ್ ಕೈಗೆ ದುಡ್ಡಿಟ್ಟು ಕಟ್ಟು ಬಿಡಿಸಿಕೊಳ್ಳುತ್ತಿದ್ದರು. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಪುಸ್ತಕಗಳಿಗಿದ್ದ ಅಗ್ಗದ ನೋಂದಾಯಿತ ಸೇವೆಯನ್ನು ಕೈಬಿಟ್ಟಾಗ ಸಣ್ಣ ಪ್ರಕಾಶಕರು ಕಂಗೆಟ್ಟರು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂತು: 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಬೆಂಗಳೂರಿನವರಿಗೆ ಇದು ಸಣ್ಣ ಸುದ್ದಿ. ಪಾವಗಡ ತಾಲ್ಲೂಕಿನ ನಿಡಗಲ್ಲಿನ ಕಡೆಯ ಓದುಗನಿಗೆ ಪುಸ್ತಕದಂಗಡಿಯೆಂದರೆ ಇದೇ.

ಚೀನಾದಲ್ಲಿ ಹೇಗೆ?

ಯಾರ ದುಡ್ಡು, ಯಾವ ದಾರಿ ಎಂಬ ಇದೇ ಪ್ರಶ್ನೆಯನ್ನು ಚೀನಾಕ್ಕೆ ಹಾಕಿ ನೋಡಿದರೆ ನಮ್ಮ ಸ್ಥಿತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಸುಮಾರು 580 ಪ್ರಕಾಶನ ಸಂಸ್ಥೆಗಳಿವೆ, ಎಲ್ಲವೂ ಸರ್ಕಾರದವು. ಪುಸ್ತಕಕ್ಕೊಂದು ಅಧಿಕೃತ ಸಂಖ್ಯೆ ಬೇಕು, ಅದು ಸಿಗುವುದು ಆ ಸಂಸ್ಥೆಗಳಿಗೆ ಮಾತ್ರ. ಖಾಸಗಿಯವರು ಅವರ ಜೊತೆ ಸೇರಿಯೇ ಕೆಲಸ ಮಾಡಬೇಕು. ನಮ್ಮಲ್ಲಿ ಆ ಸಂಖ್ಯೆ, ಅಂದರೆ ಐಎಸ್‌ಬಿಎನ್, ಉಚಿತ, ಯಾರು ಬೇಕಾದರೂ ಪಡೆಯಬಹುದು. ‘ಪೀಪಲ್ಸ್ ಡೈಲಿ’ ಹುಟ್ಟಿದ್ದು 1948ರ ಜೂನ್ 15ರಂದು. ನಮ್ಮ ‘ಪ್ರಜಾವಾಣಿ’ ಅದೇ ವರ್ಷದ ಅಕ್ಟೋಬರ್ 15ರಂದು. ಒಂದೇ ವರ್ಷದ ಈ ಎರಡು ಪತ್ರಿಕೆಗಳ ದಾರಿ ಪೂರ್ತಿ ಬೇರೆ. ಅಲ್ಲಿನದು ಕಮ್ಯುನಿಸ್ಟ್ ಪಕ್ಷದ ಪತ್ರಿಕೆ, ಅಂಚೆಯ ಮೂಲಕ ಹಂಚಿಕೆ. ವರ್ಷದ ಕೊನೆಗೆ ಪಕ್ಷದ ಘಟಕಗಳು, ಸರ್ಕಾರಿ ಕಚೇರಿಗಳು ಚಂದಾ ಕಟ್ಟಲೇಬೇಕು. ಅಲ್ಲಿಯೂ ಓದುವವರೊಬ್ಬರು, ಕಾಸು ಕೊಡುವವರೊಬ್ಬರು.

ಆದರೆ ಅಲ್ಲಿನ ಒಂದು ಸಂಗತಿ ಗಮನಿಸಬೇಕಾದದ್ದು. 1937ರಲ್ಲಿ ಯೆನಾನ್‌ನಲ್ಲಿ ಶುರುವಾದ ‘ಷಿನ್‌ಹುವಾ’ ಪುಸ್ತಕದಂಗಡಿ ಮುಂದೆ ನಮ್ಮ ತಾಲ್ಲೂಕಿಗೆ ಸಮವೆನ್ನಬಹುದಾದ ಆಡಳಿತ ಘಟಕದವರೆಗೂ ಹರಡಿತು. ಆ ಅಂಗಡಿಗಳಿಗೆ ಬದುಕಲು ಆಧಾರ ಶಾಲಾ ಪಠ್ಯಪುಸ್ತಕದ ವಿತರಣೆ. ಪಠ್ಯದ ಲಾರಿ ಬರುವ ಜಾಗದಲ್ಲೇ ಕಥೆ, ಕವಿತೆ, ನಿಘಂಟಿಗೂ ಒಂದು ಕಪಾಟು. ಏನನ್ನು ಅಚ್ಚು ಹಾಕಬಹುದು ಎಂಬುದರಲ್ಲಿ ಅಲ್ಲಿ ಬಿಗಿ. ಅಚ್ಚಾದದ್ದು ಊರು ಮುಟ್ಟುವುದರಲ್ಲಿ ಅಲ್ಲಿ ಅನುಕೂಲ. ನಮ್ಮಲ್ಲಿ ತದ್ವಿರುದ್ಧ. ಪುಸ್ತಕ ಅಚ್ಚು ಹಾಕಿಸಲು ಮೊದಲೇ ಯಾರ ಅನುಮತಿಯೂ ಬೇಡ. ಆದರೆ ಅದು ಪಾವಗಡ ಸೇರುವುದು ನಿಮ್ಮ ಅದೃಷ್ಟ. ನಮಗೆ ಅವರ ಬಿಗಿ ಬೇಡ, ಆ ಕಪಾಟು ಬೇಕು.

ಓದುಗನೇ ಕೊಂಡಾಗ

ಓದುವವರು ತಾವೇ ಜೇಬಿಗೆ ಕೈ ಹಾಕುವ ಪುಸ್ತಕಗಳೂ ಇವೆ. ಪಾವಗಡದ ಶನಿಮಹಾತ್ಮ ದೇವಸ್ಥಾನಕ್ಕೆ ಶ್ರಾವಣದಲ್ಲಿ ಜನ ಸಾಗರದಂತೆ ಬರುತ್ತಾರೆ; ಶನಿಮಹಾತ್ಮೆಯ ಪುಸ್ತಕ ಪಾರಾಯಣಕ್ಕೆ ಬೇಕೇ ಬೇಕು. ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆಯ ಹಳೆಯ ಪ್ರಕಾಶಕರು ಇಂಥ ಮಹಾತ್ಮೆ, ವ್ರತಕಥೆ, ನಾಟಕದ ಪುಸ್ತಕಗಳಿಂದಲೇ ತಲೆಮಾರುಗಳ ಕಾಲ ವ್ಯಾಪಾರ ಮಾಡಿದವರು. ವಿಮರ್ಶೆ ಇಲ್ಲ, ಬಿಡುಗಡೆ ಸಮಾರಂಭವಿಲ್ಲ, ಸಗಟು ಖರೀದಿಯ ಹಂಗಿಲ್ಲ. ಹಾಗೆಯೇ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ. ಊರಿನ ಗ್ರಂಥಾಲಯದಲ್ಲಿ ಬೆಳಗಿನಿಂದ ಕೂರುವವರಲ್ಲಿ ಹೆಚ್ಚಿನವರು ಪಿಎಸ್‌ಐ, ಎಫ್‌ಡಿಎ, ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಓದುತ್ತಿರುವ ಯುವಕ ಯುವತಿಯರು. ಮನೆಯಿಂದ ತಂದ ದುಡ್ಡಿನಲ್ಲಿ ಅವರು ಕೊಳ್ಳುವ ದಪ್ಪ ಪುಸ್ತಕಗಳ ಬೆಲೆ ಕಾದಂಬರಿಗಿಂತ ಹೆಚ್ಚು. ಜನ ಕಾಸು ಬಿಚ್ಚುವುದಿಲ್ಲ ಎಂಬ ಮಾತು ಸುಳ್ಳು. ಉಪಯೋಗವಿದೆ ಎಂದು ನಂಬಿಕೆ ಬಂದರೆ, ಕೈಗೆ ಸಿಗುವ ಜಾಗದಲ್ಲಿದ್ದರೆ ಬಿಚ್ಚುತ್ತಾರೆ.

ಸಾಹಿತ್ಯಕ್ಕೂ ಜನ ಬಿಚ್ಚಿದ್ದಾರೆ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ಅಲೆದು ಮಾರಿದರು. 1933ರಲ್ಲಿ ಜಿ.ಬಿ. ಜೋಶಿ ಧಾರವಾಡದಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ನಿಂತಿತು. 1980ರಲ್ಲಿ ಬಂದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ತೆಗೆದುಕೊಳ್ಳದೆ ಓದುಗರ ಕಾಸಿನ ಮೇಲೆ ನಡೆಯಿತು, ತಾಲ್ಲೂಕು ಬಸ್ ನಿಲ್ದಾಣದ ಅಂಗಡಿಗಳಲ್ಲೂ ನೇತಾಡಿತು. ಮೂರರಲ್ಲೂ ಸಮಾನವಾದದ್ದು ಒಂದೇ: ದುಡ್ಡು ಓದುಗರದ್ದು, ಹಾಗಾಗಿ ಲೇಖಕರು ಯಾರಿಗೆ ಉತ್ತರ ಕೊಡಬೇಕೆಂಬುದರಲ್ಲಿ ಗೊಂದಲವಿರಲಿಲ್ಲ.

ಇದರರ್ಥ ಸರ್ಕಾರ ಕೈ ತೆಗೆಯಬೇಕೆಂದಲ್ಲ. ಕೈ ಇಡುವ ಜಾಗ ಬದಲಾಗಬೇಕು. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳು. ಕಟ್ಟಡಕ್ಕೆ ಬಣ್ಣ ಬಂದಿದೆ, ಮಕ್ಕಳು ಬರುತ್ತಿದ್ದಾರೆ. ಪುಸ್ತಕ ಖರೀದಿಯ ದುಡ್ಡಿನಲ್ಲಿ ಒಂದು ಪಾಲನ್ನಾದರೂ ಆಯಾ ಅರಿವು ಕೇಂದ್ರದ ಮೇಲ್ವಿಚಾರಕರೇ, ಅಲ್ಲಿನ ಓದುಗರನ್ನು ಕೇಳಿ ಖರ್ಚು ಮಾಡುವಂತಾಗಲಿ. ಪಠ್ಯಪುಸ್ತಕ ಇಳಿಯುವ ಬ್ಲಾಕ್ ಗೋದಾಮಿಗೆ ಅದೇ ಲಾರಿಯಲ್ಲಿ ಸಾಹಿತ್ಯ ಅಕಾಡೆಮಿ, ಪುಸ್ತಕ ಪ್ರಾಧಿಕಾರಗಳ ಪುಸ್ತಕದ ಕಟ್ಟುಗಳೂ ಬರಲಿ. ಅಕಾಡೆಮಿಯೂ ಸರ್ಕಾರದ್ದು, ಪಠ್ಯಪುಸ್ತಕ ಸಂಘವೂ ಸರ್ಕಾರದ್ದು. ಜಾತ್ರೆಯಲ್ಲಿ ಬಳೆ ಅಂಗಡಿಗೆ ಜಾಗ ಕೊಡುವ ಪಂಚಾಯಿತಿ ಒಂದು ಪುಸ್ತಕದ ಮಳಿಗೆಗೂ ಜಾಗ ಬಿಡಲಿ. ಇವಕ್ಕೆ ಹೊಸ ಕಾಯ್ದೆ ಬೇಡ.

ಓದುಗರ ಪಾಲೂ ಇದೆ. ತಾಲ್ಲೂಕಿನ ಸುದ್ದಿ ಬರೆಯುವ ಪತ್ರಿಕೆಗೆ ವರ್ಷದ ಚಂದಾ ಮೊದಲೇ ಕಟ್ಟುವುದು, ಊರಿನ ಲೇಖಕರ ಪುಸ್ತಕವನ್ನು ಗೌರವ ಪ್ರತಿಗೆ ಕಾಯದೆ ಕೊಳ್ಳುವುದು ಸಣ್ಣ ಕೆಲಸಗಳು. ದುರ್ಯೋಧನನ ಪಾತ್ರಕ್ಕೆ ಸಾವಿರಗಟ್ಟಲೆ ಹಾಕುವ ಸೀಮೆಗೆ ಇನ್ನೂರು ರೂಪಾಯಿಯ ಪುಸ್ತಕ ಭಾರವಲ್ಲ. ಬೆಲೆ ಕೊಟ್ಟ ಓದುಗರಿಗೆ ‘ನಮ್ಮ ಊರಿನ ಬಗ್ಗೆ ಯಾಕೆ ಬರೆದಿಲ್ಲ’ ಎಂದು ಕೇಳುವ ಹಕ್ಕಿದೆ. ಆ ಪ್ರಶ್ನೆ ನಾಲ್ಕು ಕಡೆಯಿಂದ ಬರತೊಡಗಿದರೆ ಪ್ರಕಾಶಕರೂ ಸಂಪಾದಕರೂ ಈ ನಾಲ್ಕು ತಾಲ್ಲೂಕುಗಳ ಕಡೆ ತಿರುಗಿ ನೋಡಲೇಬೇಕಾಗುತ್ತದೆ.